ಕೆಸುವಿಗೆ ಮೊದಲ ನೀರು

ಹೆಂಡರ್ಸನ್ ಎಂಬ ಬಡಾವಣೆ ದಾಟಿ ಗುಡ್ಡ ಹತ್ತಿದರೆ ನಮ್ಮ ಮನೆ. ಇಲ್ಲಿಗೆ ನಗರದ ನೀರಿನ ಪೈಪು ಬಂದಿಲ್ಲ. ಚಾವಣಿಯ ಮೇಲೆ ಬಿದ್ದ ಮಳೆ ಹಿತ್ತಲಿನ ಟ್ಯಾಂಕಿಗೆ ಇಳಿಯುತ್ತದೆ, ಕುಡಿಯುವುದಕ್ಕೂ ಅದೇ, ಬಳಸುವುದಕ್ಕೂ ಅದೇ. ಮಳೆ ಕೈಕೊಟ್ಟರೆ ನೀರಿನ ಲಾರಿಗೆ ಫೋನು ಮಾಡಬೇಕು. ಬೇಸಿಗೆಯಲ್ಲಿ ಆ ಲಾರಿ ವಾರಗಟ್ಟಲೆ ಕಾಯಿಸುತ್ತದೆ. ಬೆಂಗಳೂರಿನಲ್ಲಿ ಟ್ಯಾಂಕರ್ ಹಿಂದೆ ಓಡಿದವಳಿಗೆ ನ್ಯೂಜಿಲೆಂಡಿಗೆ ಬಂದರೂ ಟ್ಯಾಂಕರೇ ಗತಿಯಾಯಿತು ಎಂದು ನನ್ನ ಗಂಡ ಸಿಕ್ಕಸಿಕ್ಕವರ ಮುಂದೆ ಹೇಳಿ ನಗುತ್ತಾರೆ. ಈ ಮನೆ ಆರಿಸಿದ್ದು ತಾವೇ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಪಕ್ಕದ ಮನೆಯ ಆಂಟಿ ಹವಾಯಿಯವರು. ಇಲ್ಲಿಯ ಮೂಲನಿವಾಸಿಗಳಾದ ಮಾವೊರಿ ಜನರಲ್ಲೊಬ್ಬರನ್ನು ಮದುವೆಯಾಗಿ ಬಂದು, ಶಾಲೆಯಲ್ಲಿ ಪಾಠ ಹೇಳಿ, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದವರು. ನಮ್ಮಿಬ್ಬರಿಗೆ ಸ್ನೇಹ ಬೆಳೆದದ್ದು ಕೆಸುವಿನಿಂದ. ಅವರ ಹಿತ್ತಲ ಇಳಿಜಾರಿನಲ್ಲಿ ಕೆಸುವಿನೆಲೆ ಕಂಡ ದಿನವೇ ಪತ್ರೊಡೆಯ ಆಸೆಗೆ ನಾನು ಬೇಲಿಯ ಹತ್ತಿರ ಹೋಗಿ ನಿಂತಿದ್ದೆ. ನಾವು ಮಾತಾಡುವುದು ಇಂಗ್ಲಿಷಿನಲ್ಲಿ, ಆದರೆ ನೆನಪಿನಲ್ಲಿ ಆಂಟಿ ಯಾಕೋ ಕನ್ನಡದಲ್ಲೇ ಮಾತಾಡುತ್ತಾರೆ.

ಅವರ ಮಗಳು ಹೆತ್ತ ವಾರವೇ ಆಂಟಿ ಒಂದು ಹೊಸ ಮಡಿ ಮಾಡಿ ಕೆಸು ನೆಟ್ಟರು. ಮಗುವಿಗೆ ವರ್ಷ ತುಂಬಿದಾಗ ನೆಂಟರಿಷ್ಟರನ್ನೆಲ್ಲ ಕರೆದು ಊಟ ಹಾಕುವುದು ಅವರ ಕಡೆಯ ಪದ್ಧತಿ. ಆ ಊಟಕ್ಕೆ ಈ ಮಡಿಯ ಗೆಡ್ಡೆ ಬೇಯಿಸಿ, ಕುಟ್ಟಿ, ನೀರು ಬೆರೆಸಿ ಪೋಯಿ ಮಾಡಬೇಕು. ಕೂಸಿನ ಜೊತೆಯಲ್ಲೇ ಬೆಳೆದ ಗೆಡ್ಡೆಯೇ ಕೂಸಿನ ಬಾಯಿಗೆ ಹೋಗಬೇಕೆಂದು ಅವರ ಹಟ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಆ ಬೇಸಿಗೆ ಮಳೆ ಮುಖವನ್ನೇ ತೋರಿಸಲಿಲ್ಲ. ಆಂಟಿಯ ಟ್ಯಾಂಕ್ ತಳದಲ್ಲಿ ಬಿರುಕು ಬಿಟ್ಟು ಇದ್ದಬದ್ದ ನೀರು ಸೋರಿಹೋಯಿತು. ಮಗಳು ಕ್ಯಾನಿನಲ್ಲಿ ತಂದಿಡುತ್ತಿದ್ದ ನೀರು ಮನೆಬಳಕೆಗಷ್ಟೇ ಸಾಲುತ್ತಿತ್ತು. ಸಾಲದೆಂಬಂತೆ ಅವರ ಮಂಡಿಯ ಆಪರೇಶನ್ನೂ ಆಗ ಬಂತು. ನೋಡಿಬರಲು ಹೋದಾಗ ಅವರು ಕಿಟಕಿಯಿಂದ ಮಡಿಯ ಕಡೆಗೇ ನೋಡುತ್ತಿದ್ದರು. "ಒಣಗಿದರೆ ಒಣಗಲಿ, ಅಂಗಡೀಲಿ ರಾಶಿ ಬಿದ್ದಿರುತ್ತೆ" ಎಂದರು. ಹೇಳಿದ ಮೇಲೂ ಕಣ್ಣು ಮಡಿಯಿಂದ ಕದಲಲಿಲ್ಲ. ನನಗೆ ತಡೆಯಲಾಗಲಿಲ್ಲ.

"ನಾನಿದೀನಲ್ಲ ಆಂಟಿ, ನೀರು ನಾನು ಹಾಕ್ತೀನಿ" ಎಂದುಬಿಟ್ಟೆ.

ಮನೆಗೆ ಬಂದು ನಮ್ಮ ಟ್ಯಾಂಕನ್ನು ಬೆರಳ ಗೆಣ್ಣಿನಿಂದ ಮೇಲಿನಿಂದ ಕೆಳಕ್ಕೆ ತಟ್ಟುತ್ತಾ ಬಂದೆ. ಸೊಂಟದ ತನಕವೂ ಟೊಳ್ಳು ಸದ್ದೇ. ಮಾತು ಕೊಟ್ಟಾಗಿತ್ತು. ಯೋಚಿಸಿ ಯೋಚಿಸಿ ಉಪಾಯ ತೆಗೆದೆ. ಸ್ನಾನದ ನೀರನ್ನೇ ಹಿಡಿದು ಕೆಸುವಿಗೆ ಹಾಕುವುದು, ಸೋಪು ಗಿಡಕ್ಕೆ ಆಗದಿದ್ದರೆ ಕಡಲೆಹಿಟ್ಟು ಹಚ್ಚಿಕೊಳ್ಳುವುದು. ಶವರ್ ಬಂದ್. ಎಲ್ಲರೂ ಟಬ್ಬಿನಲ್ಲಿ ಕುಳಿತು ಚೊಂಬಿನಲ್ಲಿ ಸುರಿದುಕೊಳ್ಳಬೇಕೆಂದು ಹುಕುಂ ಹೊರಡಿಸಿದೆ.

"ಸ್ವಲ್ಪ ಉಪ್ಪು ಖಾರಾನೂ ಹಚ್ಚಿ ಎಣ್ಣೆಗೆ ಬಿಟ್ಬಿಡೆ, ಬೋಂಡ ಆಗ್ತೀನಿ" ಎಂದರು ಗಂಡ.

ಇಲ್ಲೇ ಹುಟ್ಟಿದ ಮಗಳು ಬಸ್ಸಿಗೆ ಹೊರಟವಳು ತೋಳು ಮೂಸಿಕೊಂಡು, "ಅಮ್ಮಾ, ಐ ಸ್ಮೆಲ್ ಲೈಕ್ ಬಜ್ಜಿ" ಎಂದು ಮುಖ ಗಂಟಿಕ್ಕಿಕೊಂಡು ಹೋದಳು.

ನಾನು ಜಗ್ಗಲಿಲ್ಲ. ಬಕೆಟ್ ಹೊತ್ತು ಇಳಿಜಾರು ಇಳಿದೆ. ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದ ಆಂಟಿ ಅದು ಯಾವ ನೀರು ಎಂದು ಕೇಳಿದರು. ನಾನು ಹೆಮ್ಮೆಯಿಂದ ಎಲ್ಲವನ್ನೂ ವಿವರಿಸಿದೆ. ಅವರ ಮುಖ ಬಿಗಿಯಾಯಿತು.

"ಬಕೆಟ್ ಕೆಳಗಿಡು" ಎಂದರು. "ನಮ್ಮೂರಲ್ಲಿ ಹೊಳೆ ಒಂದೇ. ಮೇಲುಗಡೆ ಕುಡಿಯೋ ನೀರು. ಆಮೇಲೆ ಕೆಸುವಿನ ಗದ್ದೆ. ಗದ್ದೆಗೆ ತಿರುಗಿಸಿದ ನೀರು ಮತ್ತೆ ಹೊಳೆಗೇ ಸೇರಬೇಕು, ಕೆಳಗಿನವರ ಪಾಲು ಅದು. ಮೈ ತೊಳೆಯೋದು ಏನಿದ್ದರೂ ಗದ್ದೆ ದಾಟಿ ಕೆಳಗೆ. ಕೆಸು ಮನುಷ್ಯನಿಗಿಂತ ಮೊದಲು ಹುಟ್ಟಿದ ಅಣ್ಣ. ಅಣ್ಣನಿಗೆ ನೀನು ಸ್ನಾನದ ನೀರು ಕೊಡ್ತೀಯಾ?"

ನನಗೆ ಮೈಯೆಲ್ಲ ಉರಿಯಿತು. ಮನೆಮಂದಿಗೆಲ್ಲ ಕಡಲೆಹಿಟ್ಟು ಮೆತ್ತಿ ಹೊತ್ತು ತಂದರೆ ಇದು ಉಪಕಾರಕ್ಕೆ ಸಿಕ್ಕ ಬಹುಮಾನ! ಹಾಗಾದರೆ ಒಣಗಿಸಿಕೊಳ್ಳಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಕೆಟ್ಟನ್ನು ಅವರ ನಿಂಬೆ ಗಿಡದ ಬುಡಕ್ಕೆ ಸುರಿದು, ದಡದಡ ಮನೆಗೆ ಬಂದೆ.

ಕೋಪ ಇಳಿಯಲೆಂದು ಕೈಗೆ ಏನಾದರೂ ಕೆಲಸ ಹುಡುಕಿದೆ. ಅಡಿಗೆಮನೆಯ ಕಿಟಕಿಯಲ್ಲಿ ತುಳಸಿ ಇದೆ. ಕೈ ತೊಳೆದುಕೊಂಡು, ನಲ್ಲಿ ತಿರುಗಿಸಿ, ಹೊಸ ನೀರು ಹಿಡಿದು ಅದಕ್ಕೆ ಹಾಕಲು ಹೋದೆ. ಕೈ ಅಲ್ಲೇ ನಿಂತಿತು. ತುಳಸಿಗೆ ಬಚ್ಚಲ ನೀರು ಹಾಕು ಎಂದು ಯಾರಾದರೂ ಹೇಳಿದ್ದರೆ ನಾನು ಅವರ ಗ್ರಹಚಾರ ಬಿಡಿಸುತ್ತಿದ್ದೆ. ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರವೆದ್ದ ಬೇಸಿಗೆಯಲ್ಲೂ ಅಮ್ಮ ಮೊದಲ ಚೊಂಬನ್ನು ಎತ್ತಿಡುತ್ತಿದ್ದದ್ದು ದೇವರ ಮನೆಗೆ. ಆಂಟಿಯದು ಬರೀ ಕೆಸುವಿನ ಮಡಿ ಎಂದುಕೊಂಡಿದ್ದೆ, ನಮ್ಮಮ್ಮ ಹೇಳುವ ಮಡಿಯೂ ಅದರಲ್ಲಿತ್ತು. ಒಬ್ಬಳೇ ನಿಂತು ನಕ್ಕುಬಿಟ್ಟೆ.

ಆಮೇಲೆ ದಾರಿ ಸಲೀಸಾಗಿ ಕಂಡಿತು. ಮನೆಯಲ್ಲಿ ಕುಡಿಯುವಂಥ ಚೊಕ್ಕ ನೀರನ್ನು ಅತಿ ಹೆಚ್ಚು ನುಂಗುವುದು ಕಕ್ಕಸು. ಅದಕ್ಕೆ ಸ್ನಾನದ ನೀರು ಸಾಕು. ಅಲ್ಲಿ ಉಳಿದ ಚೊಕ್ಕ ನೀರು ಕೆಸುವಿಗೆ. ಅಕ್ಕಿ ತೊಳೆದ ನೀರು ಮೆಣಸಿನ ಗಿಡಕ್ಕೆ. ಸರದಿ ಬದಲಾಯಿತು, ಅಷ್ಟೆ. ಕಡಲೆಹಿಟ್ಟು ಡಬ್ಬಿಗೆ ವಾಪಸಾಯಿತು, ಗಂಡ ಮತ್ತು ಮಗಳು ಸೋಪು ಸಿಕ್ಕ ಖುಷಿಯಲ್ಲಿ ಬಾಯಿ ಮುಚ್ಚಿಕೊಂಡು ಬಕೆಟ್ ಎತ್ತಿದರು.

ಆದರೂ ಗಂಡ ಒಂದು ಬಾಣ ಬಿಡದಿರಲಿಲ್ಲ. "ದುಡ್ಡನ್ನ ನೀರಿನ ಹಾಗೆ ಖರ್ಚು ಮಾಡ್ತೀಯ, ನೀರನ್ನ ಮಾತ್ರ ದುಡ್ಡಿನ ಹಾಗೆ ಎಣಿಸ್ತೀಯ." ಇದನ್ನು ಆಂಟಿಗೆ ಹೇಳಿದಾಗ ಅವರು ಹೊಟ್ಟೆ ಹಿಡಿದು ನಕ್ಕರು. ಅವರ ಭಾಷೆಯಲ್ಲಿ ನೀರಿಗೆ ವೈ ಎನ್ನುತ್ತಾರೆ, ಐಶ್ವರ್ಯಕ್ಕೆ ವೈವೈ. "ನಿನ್ನ ಗಂಡ ಎರಡನ್ನೂ ಬೇರೆ ಬೇರೆ ಅಂದ್ಕೊಂಡಿದಾನಲ್ಲ, ಪಾಪ" ಎಂದರು.

ಎಲೆಯ ಅಂಚು ಸುಟ್ಟು ಹಳದಿಯಾದ ದಿನಗಳೂ ಇದ್ದವು. ಟ್ಯಾಂಕಿನ ಟೊಳ್ಳು ಸದ್ದು ಮೊಣಕಾಲಿಗಿಂತ ಕೆಳಕ್ಕೆ ಇಳಿದಾಗ ನನಗೆ ನಿಜವಾಗಿ ಹೆದರಿಕೆಯಾಯಿತು. ಕೂಸಿನ ಊಟಕ್ಕೆ ಅಂಗಡಿಯ ಗೆಡ್ಡೆ ತರುವ ಆಂಟಿಯ ಮುಖ ಕಣ್ಣಿಗೆ ಕಟ್ಟಿದಂತಾಗಿ, ಬಟ್ಟೆ ಒಗೆಯುವುದನ್ನೂ ಮುಂದಕ್ಕೆ ಹಾಕಿದೆ. ಕೆಸುವಿನ ಪಾಲು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಕೊನೆಗೂ ಮಳೆ ಚಾವಣಿಗೆ ಬಡಿದಾಗ ನಮ್ಮ ಟ್ಯಾಂಕಿನಲ್ಲಿ ಇನ್ನೂ ನೀರಿತ್ತು. ಲಾರಿಗೆ ನಾವು ಫೋನೇ ಮಾಡಲಿಲ್ಲ.

ಚಳಿಗಾಲ ಕಳೆದು ಕೂಸಿಗೆ ವರ್ಷ ತುಂಬಿತು. ಹವಾಯಿಯಿಂದ ಆಂಟಿಯ ಅಣ್ಣ, ತಮ್ಮ, ಅವರ ಮಕ್ಕಳೆಲ್ಲ ಬಂದಿಳಿದರು. ಆಂಟಿ ವಾಸಿಯಾದ ಮಂಡಿಯೂರಿ ತಾವೇ ಗೆಡ್ಡೆ ಕಿತ್ತರು. ಒಂದೊಂದೂ ತೆಂಗಿನಕಾಯಿ ಗಾತ್ರ. ಬೇಯಿಸಿ ಕುಟ್ಟಿದ ಪೋಯಿಯನ್ನು ಬೆರಳಲ್ಲಿ ತೆಗೆದು ಕೂಸಿಗೆ ನೆಕ್ಕಿಸಿದರು. ಅದು ಒಮ್ಮೆ ಮುಖ ಕಿವುಚಿತು, ಆಮೇಲೆ ಇನ್ನೂ ಬೇಕೆಂದು ಬಟ್ಟಲಿಗೇ ಕೈಹಾಕಿತು. ಆಂಟಿ ಎಲ್ಲರೆದುರೂ ಅತ್ತರು. ನಾನೂ ಅತ್ತೆ.

ಅವರ ಅಣ್ಣ ಒಂದು ತುತ್ತು ಚಪ್ಪರಿಸಿ, ಬಟ್ಟಲು ಕೆಳಗಿಟ್ಟು, ಅಂಥ ಬೇಸಿಗೆಯಲ್ಲಿ ಇದಕ್ಕೆ ನೀರು ಕೊಟ್ಟವರು ಯಾರು ಎಂದು ಕೇಳಿದರು. ಮನೆ ತುಂಬಿದ್ದ ಜನ ತಿರುಗಿ ನೋಡಿದರು. ಇಂಥ ಕಡೆ ತಲೆ ತಗ್ಗಿಸಿ, ನಂದೇನಿಲ್ಲ ಬಿಡಿ, ಎಲ್ಲಾ ದೇವರ ದಯ ಎನ್ನುವುದು ನಮ್ಮವರ ರೂಢಿ. ಗಂಡ ಕೂಡ ನಾನು ಹಾಗೇ ಹೇಳುತ್ತೇನೆಂದು ಕಾದಿದ್ದರು.

"ನಾನು" ಎಂದೆ.