ಕರೆದು ಹಿಡಿದ ಕೋಳಿ

ಆ ಭಾನುವಾರ ಬೆಳಿಗ್ಗೆ ಎಂಟೂವರೆಗೆ ನಾನು ಗೋಣಿಬೀಡಿನ ನಮ್ಮ ಮನೆಯ ಹಿತ್ತಿಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನಿಂದ ನಾಲ್ಕು ಹೆಜ್ಜೆ ಈಚೆ, ಕೋಳಿಗೂಡಿಗೆ ಬೆನ್ನು ಮಾಡಿ ನಿಂತಿದ್ದೆ. ಕೈಯಲ್ಲಿ ಒಂದು ಹಿಡಿ ಅಕ್ಕಿ ಇತ್ತು. ಜಾಗ, ಹೊತ್ತು ಎರಡನ್ನೂ ಸರಿಯಾಗಿ ಹೇಳುತ್ತಿದ್ದೇನೆ. ತಪ್ಪು ಮಾಡಿದವನು ನಾನೇ ಆದ್ದರಿಂದ ಅದನ್ನು ನನ್ನಷ್ಟು ಹತ್ತಿರದಿಂದ ಯಾರೂ ನೋಡಿಲ್ಲ.

ನಾವು ಮಾಂಸಕ್ಕೆಂದೇ ಕೋಳಿ ಸಾಕುತ್ತೇವೆ. ಇದನ್ನು ಮೃದು ಮಾಡಿ ಹೇಳಲು ನನಗೆ ಬರುವುದಿಲ್ಲ. ಆಗ ಹದಿಮೂರಿದ್ದವು. ಹಗಲೆಲ್ಲ ಕಾಫಿ ಗಿಡಗಳ ಬುಡದಲ್ಲಿ ಒಣಗಿದ ದರಗೆಲೆ ಕೆದರಿ ಹುಳ ತಿನ್ನುತ್ತವೆ. ಸಂಜೆ ನನ್ನ ಹೆಂಡತಿ ಸುಶೀಲ "ಬಾ ಬಾ ಬಾ" ಎಂದರೆ ಎಲ್ಲಿದ್ದರೂ ಓಡಿಬಂದು ಗೂಡು ಸೇರುತ್ತವೆ. ಫಾರಂ ಕೋಳಿಗೆ ಬಲೆಯಿದೆ, ಬಾಗಿಲಿದೆ. ಬಿಟ್ಟು ಸಾಕಿದ ಕೋಳಿಗೆ ಇರುವ ಬೇಲಿ ಆ ಕೂಗೊಂದೇ. ಹಾಗಾಗಿ ನಮ್ಮಲ್ಲಿ ಒಂದು ಕ್ರಮವಿದೆ: ಕೊಯ್ಯುವ ಕೋಳಿಯನ್ನು ನಸುಕಿನಲ್ಲಿ, ಗೂಡಿನೊಳಗೇ, ಸದ್ದಿಲ್ಲದೆ ಹಿಡಿಯಬೇಕು. ಕರೆದು ಹಿಡಿಯಬಾರದು.

ಅಂದು ಕಳಸದಿಂದ ಸುಶೀಲಳ ಅಣ್ಣ ಫೋನ್ ಮಾಡಿ ಊಟಕ್ಕೆ ಬರುತ್ತೇನೆಂದಾಗ ಕೋಳಿಗಳು ಮೇಯಲು ಹೋಗಿ ಗೂಡು ಆಗಲೇ ಖಾಲಿಯಾಗಿತ್ತು. ಸುಶೀಲ ಸ್ನಾನಕ್ಕೆ ಹೋಗಿದ್ದಳು. ಕೊಯ್ದುಕೊಡಲು ಕರೆಸಿದ್ದ ಪಕ್ಕದ ಮನೆಯ ಖಾದರ್ ಸಾಹೇಬರು, ಜೀಪ್ ರಿಪೇರಿಯ ಕೆಲಸ ಬಿಟ್ಟು ಬಂದು ಕಾಯುತ್ತಿದ್ದರು. ಕ್ರಮದ ಬಗ್ಗೆ ಊರಿಗೆಲ್ಲ ಉಪದೇಶ ಮಾಡುವ ನಾನು ಹೆಂಡತಿಯ ದನಿಯನ್ನು ಆದಷ್ಟು ಅನುಕರಿಸಿ ಕೂಗಿದೆ. ಹದಿಮೂರೂ ಬಂದವು. ನನ್ನ ಕಂಠಕ್ಕೆ ಅಷ್ಟು ಸಭಿಕರು ಎಂದೂ ಸೇರಿದ್ದಿಲ್ಲ. ಕೆಂಪು ಹುಂಜ ಕಾಳಿಗೆ ಬಗ್ಗಿತು, ಕಾಲು ಹಿಡಿದೆ. ಕಿರುಚಿತು. ಉಳಿದ ಹನ್ನೆರಡು ತಕ್ಷಣ ಓಡಲಿಲ್ಲ. ಕತ್ತು ಓರೆ ಮಾಡಿ ನನ್ನ ಕೈಯನ್ನೇ ನೋಡಿದವು. ಆಮೇಲೆ ಚದುರಿದವು. ಆ ನೋಟ ಈಗಲೂ ಕೆಲವೊಮ್ಮೆ ತಟ್ಟೆಯ ಮುಂದೆ ಕೂತಾಗ ನೆನಪಾಗುತ್ತದೆ.

"ಎಂತ ಸಾರ್, ಕೂಗಿ ಕರ್ದು ಹಿಡಿಯೋದಾ ಮಾರಾಯ್ರೆ?" ಎಂದರು ಖಾದರ್ ಸಾಹೇಬರು. "ನಮ್ಮಮ್ಮ ಇದ್ದಿದ್ರೆ ನಿಮಗೆ ಇವತ್ತು ಊಟ ಇಲ್ಲ."

ಊಟವೇನೋ ಆಯಿತು. ಸಾರು ಚೆನ್ನಾಗಿತ್ತು ಎಂಬುದನ್ನೂ ಮುಚ್ಚಿಡುವುದಿಲ್ಲ. ಸಂಜೆ ಸುಶೀಲ ಕರೆದಳು. ಒಂದೂ ಬರಲಿಲ್ಲ. ಎಲ್ಲವೂ ಹಲಸಿನ ಮರದ ಮೇಲಿದ್ದವು. ನಾನು ನಡೆದದ್ದನ್ನು ಹೇಳಿದೆ.

"ನನ್ ಕೂಗು ಕದ್ದು ಹಿಡಿದ್ರಾ? ಹಂಗಾದ್ರೆ ನೀವೇ ಮರ ಹತ್ತಿ ಕರ್ಕೊಂಡ್ ಬನ್ನಿ," ಎಂದಳು.

ಮರುದಿನ ಬೆಳಿಗ್ಗೆ ಮರದ ಕೆಳಗೆ ಬಿಳಿ ಹೇಂಟೆಯ ಪುಕ್ಕಗಳಷ್ಟೇ ಸಿಕ್ಕವು. ಪುನುಗು ಬೆಕ್ಕಿಗೆ ಮರ ಹತ್ತುವುದನ್ನು ಯಾರೂ ಕಲಿಸಬೇಕಾಗಿಲ್ಲ. ಹೀಗೇ ಬಿಟ್ಟರೆ ಗೂಡು ಸೌದೆಗಾಗುತ್ತಿತ್ತು. ಮೋಸ ಮಾಡಿದವನು ನಾನು. ಕೋಳಿಗಳ ನಂಬಿಕೆ ಕಳೆದುಕೊಂಡವಳು ಸುಶೀಲ. ಇದರಲ್ಲಿ ನ್ಯಾಯ ಎಲ್ಲಿದೆ ಎಂದು ಕೋಳಿಗಳನ್ನು ಕೇಳುವ ಹಾಗಿರಲಿಲ್ಲ.

ಹಿತ್ತಿಲಿಗೆ ಕಾಲಿಡಬಾರದೆಂದು ನನಗೆ ಅಪ್ಪಣೆಯಾಯಿತು. ಸುಶೀಲ ದಿನಾ ಸಂಜೆ ಕಾಳು ಚೆಲ್ಲಿ, ನೆಲದ ಮೇಲೆ ಕೂತು, ಎರಡೂ ಕೈಗಳನ್ನು ಮಡಿಲಲ್ಲಿ ಕಾಣುವಂತೆ ಇಟ್ಟುಕೊಂಡು ಕರೆಯುತ್ತಿದ್ದಳು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಐದನೆಯ ಸಂಜೆ ಮೂರು ಇಳಿದು ಬಂದವು. ಎಂಟನೆಯ ಸಂಜೆ ಹನ್ನೊಂದೂ ಗೂಡು ಸೇರಿದವು. ಅವಳು ಬಾಗಿಲು ಹಾಕಿ, ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದಳು.

ನಾನಲ್ಲದೆ ಇದನ್ನು ಅರ್ಧವೋ ಪೂರ್ತಿಯೋ ಕಂಡು ಇಂದಿಗೂ ಬದುಕಿರುವವರು ಇವರು: ಸುಶೀಲ, ಖಾದರ್ ಸಾಹೇಬರು ಮತ್ತು ಹನ್ನೊಂದು ಕೋಳಿಗಳು. ಹಬ್ಬ ಕಳೆದ ಮೇಲೆ ಕೊನೆಯ ಲೆಕ್ಕವನ್ನು ತಿದ್ದಬೇಕಾದೀತು.