ಚಿಕ್ಕಮಲ್ಲಮ್ಮ ಬಳಿಯದೆ ಬಿಟ್ಟ ಗೋಡೆ

ಭೀಮನಬೀಡಿನಲ್ಲಿ ಚಿಕ್ಕಮಲ್ಲಮ್ಮನ ಹಾಗೆ ಗೋಡೆಗೆ ಕೆಮ್ಮಣ್ಣು ಬಳಿಯುವವರು ಇನ್ನೊಬ್ಬರಿರಲಿಲ್ಲ. ಕೂಲಿ ಮುಗಿಸಿ ಬಂದವಳು ಯಾರದಾದರೂ ಮದುವೆ ಮನೆ ಇದ್ದರೆ ಕರೆಯದಿದ್ದರೂ ಹೋಗಿ ಗೋಡೆಗೆ ಕೈ ಹಾಕುತ್ತಿದ್ದಳು. ಬಾಯಿ ಮಾತ್ರ ಬಲು ಜೋರು. ಅದರ ಬಿಸಿ ನನಗೂ ತಟ್ಟಿದೆ.

ಐವತ್ತನಾಲ್ಕನೇ ಇಸವಿಯಲ್ಲಿ ನಾನು, ಗುಂಡ್ಲುಪೇಟೆಯ ಮಕ್ಸೂದ್, ಮಲೇರಿಯಾ ಪಂಪು ಹೊರುವ ಕೆಲಸಕ್ಕೆ ಸೇರಿದ್ದೆ. ಕಾಡಂಚಿನ ಊರುಗಳಿಗೆ ಹೋಗಿ ಮನೆಯೊಳಗಿನ ಗೋಡೆಗಳಿಗೆ ಡಿ.ಡಿ.ಟಿ. ಹೊಡೆಯಬೇಕು. ಆ ವರ್ಷ ಮಳೆ ಹದ ತಪ್ಪಿ ಬೇಸಿಗೆಯಲ್ಲೇ ಸುರಿದಿತ್ತು. ಕೆಮ್ಮಣ್ಣು ತೆಗೆದ ಗುಂಡಿಗಳಲ್ಲಿ ನೀರು ನಿಂತು, ಸೊಳ್ಳೆ ಮುತ್ತಿ, ಮನೆಗೊಬ್ಬರು ಚಳಿಜ್ವರದಲ್ಲಿ ನಡುಗುತ್ತಿದ್ದರು.

"ಗ್ವಾಡೆಗೆಲ್ಲ ಬೂದಿ ಎರಚ್ದಂಗೆ ಮಾಡ್ಬುಟ್ರಲ್ಲ ಸಾಬ್ರೇ! ಮಗಳು ಬಾಣಂತನಕ್ಕೆ ಬತ್ತಾವ್ಳೆ, ಗೌರಿ ಅಬ್ಬ ಬ್ಯಾರೆ!" ಎಂದು ಚಿಕ್ಕಮಲ್ಲಮ್ಮ ರೇಗಿದಳು.

"ಮೂರು ತಿಂಗಳು ಬಳೀಬ್ಯಾಡಿ ಕಣವ್ವ. ಮದ್ದಿನ ಮೇಲೆ ಕೂತ ಸೊಳ್ಳೆ ಸಾಯ್ತದೆ" ಎಂದೆ.

ಕೇಳುವ ಜೀವವೇ ಅದು? ಹಬ್ಬಕ್ಕೆ ಮೊದಲೇ ಬಳಿದಳು. ನನಗೆ ಸಿಟ್ಟು ಬಂತು. ಆದರೆ ಅವಳ ಕಷ್ಟವೂ ಸುಳ್ಳಲ್ಲ: ಆ ಊರಿನಲ್ಲಿ ಸಾವಾದ ಮನೆಯವರು ಮಾತ್ರ ಹಬ್ಬಕ್ಕೆ ಗೋಡೆ ಬಳಿಯುತ್ತಿರಲಿಲ್ಲ.

ಮಗಳು ಮಂಗಮ್ಮನಿಗೆ ಎಂಟನೇ ತಿಂಗಳಲ್ಲಿ ಜ್ವರ ಬಂತು. ಹುಟ್ಟಿದ ಮಗು ಅಳಲೇ ಇಲ್ಲ.

ಮುಂದಿನ ಸಲ ಹೋದಾಗ ಚಿಕ್ಕಮಲ್ಲಮ್ಮ ನನ್ನನ್ನು ಬೈಯಲಿಲ್ಲ. "ನನ್ ಕೈಯಾರೆ ಮದ್ದ ಮುಚ್ಬುಟ್ಟೆ ಕಣ್ ಮಗಾ" ಎಂದು ಅತ್ತಳು. ಅವಳು ಬೈದಿದ್ದರೇ ವಾಸಿಯಾಗಿತ್ತು ಅನ್ನಿಸಿತು.

ಮರುವರ್ಷ ಮಂಗಮ್ಮ ಮತ್ತೆ ಬಸುರಿಯಾಗಿ ತವರಿಗೆ ಬಂದಳು. ನಾವು ಮದ್ದು ಹೊಡೆದು ಹೋದೆವು. ಗೌರಿ ಹಬ್ಬದ ಹಿಂದಿನ ದಿನ ತಪಾಸಣೆಗೆ ಹೋದರೆ ಊರಿನ ಗೋಡೆಗಳೆಲ್ಲ ಕೆಂಪಗೆ ಹೊಳೆಯುತ್ತಿದ್ದವು. ಚಿಕ್ಕಮಲ್ಲಮ್ಮನ ಮನೆಯೊಳಗೆ ಮಾತ್ರ ಬಿಳಿ ಕಲೆಗಳು ಹಾಗೇ ಇದ್ದವು. ಅವಳು ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು.

ಪಕ್ಕದ ಮನೆಯ ಗುರುಸಿದ್ದಮ್ಮ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಬಂದಳು. "ಬಸುರಿ ಇರೋ ಮನೆಯ ಸೂತಕದ ಮನೆ ಮಾಡಿದ್ದೀಯಲ್ಲಕ್ಕಾ! ಅಪಸಕುನ ಕಣಕ್ಕ."

ಚಿಕ್ಕಮಲ್ಲಮ್ಮ ಎದ್ದು ನಿಂತಳು. "ಓದ್ ವರ್ಸ ಈ ಗ್ವಾಡೆಯ ಊರಿಗೆಲ್ಲ ಚೆಂದಾಗಿ ಬಳ್ದಿದ್ದೆ ಕಣವ್ವ. ಸೂತಕ ಬಂದಿದ್ದು ಆಗ್ಲೇ. ಆ ಕೂಸ ನಾನೇ ತಿಂದೆ. ಇದ ಬುಟ್ಕೊಡಕಿಲ್ಲ."

ತಪ್ಪನ್ನು ಒಳಗೇ ನುಂಗಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ, ನಾನೂ ಅವರಲ್ಲಿ ಒಬ್ಬ. ಊರ ಹೆಂಗಸರ ಮುಂದೆ ಹೀಗೆ ಹೇಳಿಬಿಟ್ಟವಳು ಇವಳೊಬ್ಬಳೇ. ಅವಳ ಕಾಲು ಮುಟ್ಟಬೇಕೆನಿಸಿತು.

ಮಂಗಮ್ಮನಿಗೆ ಹೆಣ್ಣು ಮಗು ಹುಟ್ಟಿತು. ಕೇರಿಗೆಲ್ಲ ಕೇಳುವಂತೆ ಅತ್ತಿತಂತೆ, ಬಾಯಿ ಅಜ್ಜಿಯದೇ.

ಮುಂದಿನ ಗೌರಿ ಹಬ್ಬಕ್ಕೆ ಹೋದಾಗ ಗುರುಸಿದ್ದಮ್ಮನ ಸೊಸೆ ಬಸುರಿಯಾಗಿದ್ದಳು. ಅವರ ಗೋಡೆಯ ಮೇಲೂ ನಮ್ಮ ಮದ್ದಿನ ಕಲೆ ಹಾಗೇ ಇತ್ತು.