ದೊಡ್ಡ ಮೀನು ಬಾಣಂತಿಗೆ

ಮೀನಜ್ಜಿಯ ಮುಂಗೈಯಲ್ಲಿ, ಬಳೆಗಳ ನಡುವೆ, ಯಾವಾಗಲೂ ನಾಲ್ಕಾರು ಮೀನಿನ ಹುರುಪೆ ಅಂಟಿಕೊಂಡು ಮಿನುಗುತ್ತಿದ್ದವು. ಕೈ ತೊಳೆದುಕೋ ಎಂದರೆ, "ಇವೇ ನನ್ನ ಒಡವೆ ಕಣವ್ವಾ, ಇರ್ಲಿ ಬುಡು" ಎನ್ನುತ್ತಿದ್ದಳು. ತನ್ನ ಊರಾಚೆಯ ಕೆರೆಯಲ್ಲಿ ಮಗ ಹಿಡಿದದ್ದನ್ನು ಬುಟ್ಟಿಗೆ ಹಾಕಿಕೊಂಡು, ಹಾರೋಹಳ್ಳಿಯಿಂದ ಬರುವ ಬಸ್ಸು ಹತ್ತಿ ಕನಕಪುರದ ನಮ್ಮ ಬೀದಿಗೆ ಬರುತ್ತಿದ್ದಳು. ಕಂಡಕ್ಟರು ಬೈಯದ ದಿನವಿಲ್ಲ, ಅವಳು ಹತ್ತದ ದಿನವೂ ಇಲ್ಲ.

ವ್ಯಾಪಾರದಲ್ಲಿ ಮಹಾ ಜಿಪುಣಿ. ಒಂದು ಬಾಲ ಹೆಚ್ಚಿಗೆ ಹಾಕು ಎಂದರೆ ಬುಟ್ಟಿ ಎತ್ತಿಬಿಡುವಳು. ಆದರೆ ಬೀದಿಯಲ್ಲಿ ಯಾರಿಗಾದರೂ ಹೆರಿಗೆಯಾಯಿತೆಂದರೆ ಬುಟ್ಟಿಯ ಎಲ್ಲಕ್ಕಿಂತ ದೊಡ್ಡ ಕೊರವ ಮೀನು ಆ ಮನೆಗೇ, ಅದೂ ಪುಕ್ಕಟೆ. "ದೊಡ್ಡದು ಬಾಣಂತಿ ಪಾಲು. ತಿಂದ್ರೆ ಹಾಲು ಸಂದಾಕೆ ಇಳೀತದೆ." ನನ್ನ ಮಗಳು ಹುಟ್ಟಿದಾಗ ಮೂರು ತಿಂಗಳು ನಾನೂ ಆ ಪಾಲು ಉಂಡವಳು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಮಗಳಿಗೆ ಆರು ತುಂಬಿದ ವರ್ಷ ಆ ಕೆರೆಯ ನೀರು, ಮೀನು ಪರೀಕ್ಷೆಗೆ ಹೋದವು. ಕಾರ್ಖಾನೆಗಳ ಕೊಳೆನೀರಿನ ಸೀಸ, ಪಾದರಸ ಮೀನಿಗೆ ಸೇರಿದೆ, ತಿನ್ನಬೇಡಿ ಎಂದು ಏರಿಯ ಮೇಲೆ ಬೋರ್ಡು ನೆಟ್ಟರು. ಅಜ್ಜಿಗೆ ಓದು ಬಾರದು, ನನ್ನನ್ನು ಕೇಳಿದಳು. ಪಾಠ ಹೇಳುವ ಚಟ ನನಗೆ. ಜಗುಲಿಯ ಮೇಲೆ ಕೂರಿಸಿಕೊಂಡು ವಿವರಿಸಿದೆ. ಪಾದರಸ ಮೈಗೆ ಹೋದರೆ ಬೇಗ ಹೊರಬರುವುದಿಲ್ಲ. ಸಣ್ಣ ಮೀನಿನಲ್ಲಿ ಒಂದಿಷ್ಟು, ಅಂಥ ನೂರಾರನ್ನು ನುಂಗಿದ ಕೊರವದಲ್ಲಿ ಅಷ್ಟೂ. ಎಳೆಮಕ್ಕಳ ಮಿದುಳಿಗೆ ಕೆಟ್ಟದ್ದು ಎಂದೂ ಸೇರಿಸಿದೆ.

"ಹಂಗಾರೆ ದೊಡ್ಡದ್ರಲ್ಲೇ ಜಾಸ್ತಿ ಅಂತೀಯಾ?"

"ಹೌದಜ್ಜಿ."

ಅವಳು ಬುಟ್ಟಿಯಲ್ಲಿದ್ದ ದೊಡ್ಡ ಕೊರವವನ್ನು ಎತ್ತಿ ನೋಡಿ ಕೆಳಗಿಟ್ಟಳು. ಆಮೇಲೆ, "ಬಾಣಂತೀರ್ಗೆಲ್ಲ ಅದನ್ನೇ ಆರ್ಸಿ ಆರ್ಸಿ ಕೊಟ್ನಲ್ಲವ್ವಾ" ಎಂದಳು. ನನ್ನ ಪಾಠ ಎಲ್ಲಿಗೆ ಮುಟ್ಟಿತೆಂದು ನನಗೆ ಆಗ ಹೊಳೆಯಿತು.

ಮೀನು ಮಾರುವುದು ಅವತ್ತಿಗೇ ನಿಂತಿತು. ಬಸ್ಸು ಹತ್ತಿ ಬರುವುದು ನಿಲ್ಲಲಿಲ್ಲ. ಬರಿಗೈಯಲ್ಲಿ ಬಂದು, ಮೀನು ಕೊಟ್ಟಿದ್ದ ಒಂದೊಂದೇ ಮನೆಯ ಮುಂದೆ ನಿಂತು ಕೇಳುವಳು: "ಮಗ ಓಡಾಡ್ತದಾ? ಮಾತಾಡ್ತದಾ?" ಎಲ್ಲರ ಮನೆಯಲ್ಲೂ ಮಕ್ಕಳು ಚೆನ್ನಾಗಿದ್ದವು. ದರ್ಜಿಯ ಮನೆಯ ಮಗುವಿಗೆ ಮಾತ್ರ ಐದು ವರ್ಷವಾದರೂ ಮಾತು ಬಂದಿರಲಿಲ್ಲ. ಅದು ಮೀನಿನಿಂದ ಎಂದು ಯಾವ ಡಾಕ್ಟರೂ ಹೇಳಿರಲಿಲ್ಲ. ಹಾಗೆ ಹೇಳಲು ಬರುವುದಿಲ್ಲ ಅಜ್ಜಿ ಎಂದು ನಾನೂ ಹತ್ತು ಸಲ ಹೇಳಿದೆ. "ಅವತ್ತು ಹೇಳ್ದೋಳೂ ನೀನೇ ಅಲ್ವಾ?" ಎಂದುಬಿಟ್ಟಳು. ನನ್ನ ನಾಲಿಗೆಯನ್ನು ನಾನೇ ಶಪಿಸಿಕೊಂಡೆ.

ಅವಳು ಹಾಸಿಗೆ ಹಿಡಿದಾಗ ಮಗಳನ್ನು ಕರೆದುಕೊಂಡು ನೋಡಲು ಹೋದೆ. ನನ್ನ ಕಡೆ ತಿರುಗಲಿಲ್ಲ. ಮಗಳ ಕೈ ಹಿಡಿದು, "ಏನಾರ ಒಸಿ ಮಾತಾಡವ್ವಾ, ಕೇಳ್ತೀನಿ" ಎಂದಳು. ಮಗಳು ನಾಚುತ್ತಲೇ ಏಳರ ಮಗ್ಗಿ ಒಪ್ಪಿಸಿದಳು. ಎಲ್ಲೂ ತಪ್ಪಲಿಲ್ಲ. ಅಜ್ಜಿ ಕಣ್ಣೊರೆಸಿಕೊಂಡು, "ಇನ್ನೊಂದ್ ಸಲ ಹೇಳು" ಎಂದಳು.

ಮುಂದಿನ ವಾರ ತೀರಿಕೊಂಡಳು. ದರ್ಜಿಯ ಮಗುವನ್ನೂ ಒಮ್ಮೆ ಕರೆತನ್ನಿ ಎಂದು ಕೊನೆಯವರೆಗೂ ಕೇಳುತ್ತಿದ್ದಳಂತೆ. ಕರೆದೊಯ್ಯುವ ಧೈರ್ಯ ನಮ್ಮ ಬೀದಿಯಲ್ಲಿ ಯಾರಿಗೂ ಬರಲಿಲ್ಲ.